ಇಂಜನ್ ಹೋತು ಅಂದ್ರ ಏನ್ ಹೋತು? ಹಳೇ ಗಾಡಿಗೆ ರಿಪೇರಿನೋ, ಬದಲಿ ಇಂಜನ್ನೋ

ನಮ್ಮ ಕಾಕಾಂದು 2009ರ ಓಮ್ನಿ. ಅಣ್ಣಿಗೇರಿಯಿಂದ ಹುಬ್ಬಳ್ಳಿ ಎಪಿಎಂಸಿಗೆ ಚೀಲಾ ಹೊತ್ಕೊಂಡು ಹೋಗೂದು, ಮಂದಿ ಮದವಿಗೆ ಮಂದಿನ್ನ ಹೊತ್ಕೊಂಡು ಹೋಗೂದು, ಎಲ್ಲಾ ಅದ. 2025ರ ಶ್ರಾವಣದಾಗ ಗೋಕರ್ಣಕ್ಕ ಹೋಗಿ ವಾಪಸ್ ಬರೂಮುಂದ ಅರಬೈಲ್ ಘಾಟ್ ಹತ್ತೂವಾಗ ಬಿಸಿ ಮುಳ್ಳು ಕೆಂಪಿಗೆ ಹೋತು, ಓಮ್ನಿದಾಗ ಇಂಜನ್ ಸೀಟಿನ ಬುಡಕ ಇರ್ತೈತಲ್ಲ, ಕುಂಡಿ ಕಾಯಾಕ ಹತ್ತಿದ ಮ್ಯಾಲೂ ನಮ್ಮ ಕಾಕಾ 'ಯಲ್ಲಾಪುರ ಇಲ್ಲೇ ಐತಿ ತಡೀಪಾ' ಅಂತ ಹೊಡ್ಕೊಂಡ ಬಂದಾನ. ಮುಂದ ಹುಬ್ಬಳ್ಳಿ ಮುಟ್ಟಿದ್ದು ಟೋಯಿಂಗ್ ಗಾಡಿ ಮ್ಯಾಲ.

ಒಬ್ಬ ಮಿಸ್ತ್ರಿ ಸೀಟ್ ಎತ್ತಿ ನೋಡಿದ್ದ ತಡ, 'ಇಂಜನ್ ಹೋತ್ರಿ ಕಾಕಾರ, ಬದಲಿ ಇಂಜನ್ ಕೂಡ್ಸೂದ ಛಲೋ' ಅಂದ. ಇನ್ನೊಬ್ಬ 'ಹೆಡ್ ಇಳಿಸಿ ನೋಡೂಣು ತಡೀರಿ' ಅಂದ. ಬಾಜೂ ಮನಿಯವ್ರು 'ಜಿಎಸ್‌ಟಿ ಇಳಿಸ್ತಾರಂತ, ಹೊಸಾದ ತಗೊಂಡ್ ಬಿಡ್ರಿ' ಅಂದ್ರು. ಅಳಿಯ 'ಹದಿನೈದ ವರ್ಷ ದಾಟೇತಿ ಮಾವಾ, ಹೆಂಗೂ ಸರ್ಕಾರದವ್ರು ಸ್ಕ್ರ್ಯಾಪಿಗೆ ಹಾಕ್ತಾರ' ಅಂದ. ನಾಕ ಬಾಯಿ, ನಾಕ ಮಾತು, ಕಾಕಾ ನನಗ ಫೋನ್ ಹಚ್ಚಿದ.

ಜಿಎಸ್‌ಟಿ ಮಾತು ಖರೇನ ಆತು. 2025ರ ಸೆಪ್ಟೆಂಬರ್ 22ರಿಂದ ಸಣ್ಣ ಕಾರು ಮತ್ತ 350 ಸಿಸಿ ತನಕದ ಬೈಕಿನ ಮ್ಯಾಲಿನ ಜಿಎಸ್‌ಟಿ 28ರಿಂದ 18 ಪರ್ಸೆಂಟಿಗೆ ಇಳೀತು. ಅದಕ್ಕ ಹಳೇ ಗಾಡಿ ಇದ್ದವ್ರ ಮನ್ಯಾಗೆಲ್ಲಾ ಈ ಚರ್ಚೆ ನಡದೈತಿ. ಆದ್ರ ಒಂದ ಮಾತು ಯಾರೂ ಹೇಳೂದಿಲ್ಲ, ಅದ ದಿನ ಗಾಡಿ ಸ್ಪೇರ್ ಪಾರ್ಟ್ಸ್ ಮ್ಯಾಲಿನ ಟ್ಯಾಕ್ಸೂ 18ಕ್ಕ ಬಂತು, ಅಂದ್ರ ರಿಪೇರಿನೂ ಅಷ್ಟಿಷ್ಟು ಹಗರ ಆತು. ಹಂಗಾಗಿ ಟ್ಯಾಕ್ಸ್ ನೋಡಿ ನಿರ್ಧಾರ ಮಾಡಾಕ ಬರೂದಿಲ್ಲ. ಮದ್ಲ ಇಂಜನ್ನಿನೊಳಗ ಏನ್ ಕೆಟ್ಟೈತಿ ಅನ್ನೂದು ಗೊತ್ತಾಗ್ಬೇಕು. 'ಇಂಜನ್ ಹೋತು' ಅನ್ನೂದು 'ಹೊಟ್ಟಿ ಬ್ಯಾನಿ' ಅಂದಂಗ. ಅಜೀರ್ಣನೂ ಹೊಟ್ಟಿ ಬ್ಯಾನಿನ, ಅಪೆಂಡಿಕ್ಸೂ ಹೊಟ್ಟಿ ಬ್ಯಾನಿನ.

ಇಂಜನ್ ಅಂದ್ರ ಸೈಕಲ್ ಪಂಪಿನಂಗ

ಸೈಕಲ್ಲಿಗೆ ಗಾಳಿ ಹೊಡಿಯೂ ಪಂಪ್ ನೋಡೀರಲ್ಲ, ಉದ್ದನ ಕೊಳವಿ, ಅದರೊಳಗ ಮ್ಯಾಲ ಕೆಳಗ ಆಡೂ ದಾಂಡು, ದಾಂಡಿನ ತುದಿಗೆ ಚರ್ಮದ ವಾಸರ್. ವಾಸರ್ ಒಣಗಿ ಸವದ್ರ ನೀವು ಎಷ್ಟ ಒತ್ತಿದ್ರೂ ಗಾಳಿ ಬಾಜೂಲೆ ಸೋರಿ ವಾಪಸ್ ಬರ್ತೈತಿ, ಟೈರಿಗೆ ಹೋಗೂದಿಲ್ಲ.

ಇಂಜನ್ನಿನ ಕೊಳವಿಗೆ ಸಿಲಿಂಡರ್ ಅಂತಾರ, ಅದರ ಒಳಗಿನ ತೂತಿಗೆ ಬೋರ್ ಅಂತಾರ. ದಾಂಡಿನ ಜಾಗಾದಾಗ ಪಿಸ್ಟನ್, ವಾಸರ್ ಜಾಗಾದಾಗ ರಿಂಗ್. ಸಾಮಾನ್ಯವಾಗಿ ಒಂದ ಪಿಸ್ಟನ್ನಿಗೆ ಮೂರ ರಿಂಗ್, ಮ್ಯಾಲಿನ ಎರಡು ಒತ್ತಡ ಹಿಡಿಯಾಕ, ಕೆಳಗಿಂದು ಬೋರಿನ ಗ್ವಾಡಿಗೆ ಹತ್ತಿದ ಹೆಚ್ಚಿನ ಆಯಿಲ್ ಕೆರದು ಕೆಳಗ ಇಳಸಾಕ. ಸ್ಪ್ಲೆಂಡರಿಗೆ ಇಂಥಾ ಒಂದ ಕೊಳವಿ, 50 ಮಿಲಿಮೀಟರ್ ಅಗಲದ್ದು, ಒಟ್ಟ 97.2 ಸಿಸಿ. ಓಮ್ನಿಗೆ ಮೂರು, ಒಟ್ಟ 796 ಸಿಸಿ. ಪೆಟ್ರೋಲ್ ಇಂಜನ್ನಿನಾಗ ಪಿಸ್ಟನ್ ಒಂಬತ್ತ ಹತ್ತ ಪಾಲು ಗಾಳಿ ಒತ್ತಿ ಒಂದ ಪಾಲು ಮಾಡ್ತೈತಿ, ಡೀಸೆಲ್ಲಿನಾಗ ಹದಿನಾರ ಇಪ್ಪತ್ತ ಪಾಲು. ಈ ಒತ್ತೂದಕ್ಕನ ಕಂಪ್ರೆಶನ್ ಅನ್ನೂದು.

ಪಿಸ್ಟನ್ ಮ್ಯಾಲ ಕೆಳಗ ಆಡಿದ್ರ ಗಾಲಿ ತಿರಗೂದು ಹೆಂಗ? ಟೇಲರ್ ಅಂಗಡ್ಯಾಗಿನ ಕಾಲ್ಮಷೀನ್ ನೆನಪ ಮಾಡ್ಕೋರಿ. ಕಾಲು ಮ್ಯಾಲ ಕೆಳಗ ಒತ್ತಿದ್ರ ಸೈಡಿನ ದೊಡ್ಡ ಚಕ್ರ ತಿರಗ್ತೈತಿ, ನಡುವ ಒಂದ ಕಂಬಿ ಇರ್ತೈತಿ. ಇಂಜನ್ನಿನಾಗ ಆ ಕಂಬಿ ಕನೆಕ್ಟಿಂಗ್ ರಾಡ್, ಆ ಚಕ್ರದ ಜಾಗಾದಾಗ ಕ್ರ್ಯಾಂಕ್. ಕ್ರ್ಯಾಂಕೂ ರಾಡೂ ಕೂಡೂ ಕಡೆ ಮೆತ್ತನ ಲೋಹದ ಬೇರಿಂಗ್ ಪಟ್ಟಿ ಇರ್ತಾವ, ಅವಕ್ಕ ಆಯಿಲಿನ ತೆಳ್ಳನ ಪದರೊಂದ ಕಾವಲು. ಇಂಜನ್ ಮಿನಿಟಿಗೆ 3,000 ಸುತ್ತ ತಿರಗಿದ್ರ ಪಿಸ್ಟನ್ ಸೆಕೆಂಡಿಗೆ 50 ಸಲ ಮ್ಯಾಲ ಹೋಗಿ 50 ಸಲ ಕೆಳಗ ಬರ್ತೈತಿ, ಇದನ್ನ ಹದಿನೈದ ವರ್ಷ ಮಾಡಿರ್ತೈತಿ, ಸವಿಯೂದು ಸಹಜ.

ಈ ಎಲ್ಲಾ ಕೊಳವಿ ಒಂದ ದೊಡ್ಡ ಲೋಹದ ಗಡ್ಡ್ಯಾಗ ಕೊರದಿರ್ತಾರ, ಅದು ಬ್ಲಾಕ್. ಮ್ಯಾಲಿನ ಮುಚ್ಚಳ ಹೆಡ್, ಅದರಾಗ ಗಾಳಿ ಒಳಗ ಬಿಡೂ, ಹೊಗಿ ಹೊರಗ ಬಿಡೂ ವಾಲ್ವ್. ಬ್ಲಾಕಿಗೂ ಹೆಡ್ಡಿಗೂ ನಡುವ ಹೆಡ್ ಗ್ಯಾಸ್ಕೆಟ್, ಕುಕ್ಕರಿನ ಮುಚ್ಚಳಕ್ಕ ಇರ್ತೈತಲ್ಲ, ಅದ ಕೆಲಸ, ಆದ್ರ ಇದು ಉರಿ, ನೀರು, ಆಯಿಲ್ ಮೂರನ್ನೂ ಒಂದಕ್ಕೊಂದ ಕೂಡದಂಗ ಬ್ಯಾರೆ ಬ್ಯಾರೆ ಇಡಬೇಕು.

ಕೆಡೂದ್ರಾಗ ಮೂರ ಥರ

ಕುಕ್ಕರಿನ ಮಾತೇ ಹಿಡ್ಕೊಂಡ ಹೋಗೂಣು. ಕುಕ್ಕರ್ ಸೀಟಿ ಹೊಡೀವಲ್ದು ಅಂದ್ರ ಗ್ಯಾಸ್ಕೆಟ್ ಹೋಗಿರಬಹುದು, ಇಲ್ಲಾ ಮುಚ್ಚಳ ಸೊಟ್ಟ ಆಗಿರಬಹುದು, ಇಲ್ಲಾ ಪಾತ್ರಿ ತಳಾನ ಸೀಳಿರಬಹುದು. ಗ್ಯಾಸ್ಕೆಟ್ ಬದಲಿ ಮಾಡ್ತೀವಿ, ಮುಚ್ಚಳ ಸರಿ ಮಾಡಸ್ತೀವಿ, ತಳ ಸೀಳಿದ್ರ ಮಾತ್ರ ಬ್ಯಾರೆ ಕುಕ್ಕರ್.

ಇಂಜನ್ನಿನಾಗೂ ಹಂಗ. ಮದ್ಲನೇದು ಸೀಲ್ ಹೋಗೂದು: ಹೆಡ್ ಗ್ಯಾಸ್ಕೆಟ್, ವಾಲ್ವ್ ಸೀಲ್, ರಿಂಗ್. ಎರಡನೇದು ಲೋಹ ಸವಿಯೂದು: ಬೋರ್ ದುಂಡಗ ಇದ್ದದ್ದು ಮೊಟ್ಟಿ ಆಕಾರಕ್ಕ ಬರೂದು, ಬೇರಿಂಗ್ ತೆಳ್ಳಗ ಆಗೂದು, ಹೆಡ್ ಬಿಸಿಗೆ ಡೊಂಕ ಆಗೂದು. ಇದೂ ರಿಪೇರಿ ಆಗ್ತೈತಿ, ಆದ್ರ ಲೋಹ ಕೊರಿಯೂ ಲೇತಿನವ್ರ ಹಂತೇಕ ಹೋಗ್ಬೇಕು. ಮೂರನೇದು ಲೋಹ ಮುರಿಯೂದು: ಬ್ಲಾಕ್ ಸೀಳೂದು, ಕ್ರ್ಯಾಂಕ್ ತುಂಡಾಗೂದು, ರಾಡ್ ಕಿತ್ಕೊಂಡು ಬ್ಲಾಕಿನ ಗ್ವಾಡಿ ಒಡದು ಹೊರಗ ಬರೂದು. ಬದಲಿ ಇಂಜನ್ ಅನ್ನೂ ಮಾತು ಬರೂದು ಖರೇ ಅಂದ್ರ ಈ ಮೂರನೇದ್ರಾಗ, ಮತ್ತ ಎರಡನೇದು ಭಾಳ ಮುಂದ ಹೋದಾಗ. ಗ್ಯಾರೇಜಿನಾಗ ಮಾತ್ರ ಮೂರಕ್ಕೂ ಒಂದ ಹೆಸರು, 'ಇಂಜನ್ ಹೋತು'.

ಘಾಟಿನಾಗ ಬಿಸಿ ಆದ ಗಾಡಿಗೋಳ ಹೆಡ್ ಯಾಕ ಡೊಂಕ ಆಗ್ತೈತಿ ಅಂದ್ರ, ಭಾಳಷ್ಟ ಹಳೇ ಗಾಡ್ಯಾಗ ಬ್ಲಾಕ್ ಬೀಡಿನ ಕಬ್ಬಿಣದ್ದು, ಹೆಡ್ ಅಲ್ಯುಮಿನಿಯಂದು. ಅಷ್ಟ ಬಿಸಿಗೆ ಅಲ್ಯುಮಿನಿಯಂ ಬೀಡಿಗಿಂತ ಹತ್ರ ಹತ್ರ ಎರಡ ಪಟ್ಟ ಹಿಗ್ತೈತಿ. ಕೆಳಗಿಂದು ಕಡಿಮಿ ಹಿಗ್ಗಿ, ಮ್ಯಾಲಿಂದು ಹೆಚ್ಚ ಹಿಗ್ಗಿ, ನಡುವ ಬೋಲ್ಟ್ ಬಿಗದಿರ್ತಾವ, ಹೆಡ್ ಎತ್ತಾಗೂ ಹೋಗಾಕ ದಾರಿ ಇಲ್ದ ಬಾಗ್ತೈತಿ. ಕಣ್ಣಿಗೆ ಕಾಣೂದಿಲ್ಲ, ಕೂದಲೆಳಿ ದಪ್ಪದಷ್ಟ ಬಾಗಿದ್ರೂ ಗ್ಯಾಸ್ಕೆಟ್ ಸೋರಾಕ ಸಾಕು.

ಹೊಗಿ ಏನ್ ಹೇಳ್ತೈತಿ

ಸೈಲೆನ್ಸರಿನ ಹೊಗಿ ಬಣ್ಣ ನೋಡೂದು ಪುಕ್ಕಟ್ಟೆ ಟೆಸ್ಟು. ನೀಲಿ ಹೊಗಿ ಅಂದ್ರ ಆಯಿಲ್ ಸುಡಾಕ ಹತ್ತೈತಿ. ಅದರಾಗೂ ಮುಂಜಾನೆ ಚಾಲೂ ಮಾಡಿದಾಗ ಒಂದ ಸಲ ಭುಸ್ ಅಂತ ಬಂದು ನಿಂತ್ರ ಭಾಳ ಮಾಡಿ ವಾಲ್ವ್ ಸೀಲ್, ರಾತ್ರಿ ಎಲ್ಲಾ ಹನಿ ಹನಿ ಇಳದ ಆಯಿಲ್ ಅದು, ಸಣ್ಣ ಕೆಲಸ. ಏರಿ ಹತ್ತೂವಾಗ, ಆಕ್ಸಿಲೇಟರ್ ಒತ್ತಿದಾಗೆಲ್ಲಾ ನೀಲಿ ಬರಾಕ ಹತ್ತಿದ್ರ ರಿಂಗ್-ಬೋರಿನ ಮ್ಯಾಲ ಅನುಮಾನ ಪಡ್ರಿ.

ಬಿಳಿ ಹೊಗಿ ದಟ್ಟಗ ಬಂದು, ಇಂಜನ್ ಕಾದ ಮ್ಯಾಲೂ ನಿಲ್ಲವಲ್ದು, ಒಂದ ನಮೂನಿ ಸಿಹಿ ವಾಸನಿ ಐತಿ ಅಂದ್ರ ಇಂಜನ್ ತಂಪ ಇಡೂ ಕೂಲಂಟ್ ಸಿಲಿಂಡರಿನೊಳಗ ಹೋಗಾಕ ಹತ್ತೈತಿ, ಗ್ಯಾಸ್ಕೆಟ್ ಅಥವಾ ಹೆಡ್ ಕಡೆ ನೋಡ್ಬೇಕು. ಚಳಿಗಾಲದ ಮುಂಜಾನೆ ಎರಡ ಮಿನಿಟ್ ಬರೂ ತೆಳ್ಳನ ಬಿಳಿ ಹಬಿಗೆ ಹೆದರಬ್ಯಾಡ್ರಿ, ಅದು ಬರೇ ನೀರಿನ ಹಬಿ. ಕರಿ ಹೊಗಿಗೂ ಇಂಜನ್ ಸಾಯೂದಕ್ಕೂ ಸಂಬಂಧ ಕಡಿಮಿ, ಪೆಟ್ರೋಲ್ ಇಲ್ಲಾ ಡೀಸೆಲ್ ಹೆಚ್ಚ ಹೋಗಾಕ ಹತ್ತೈತಿ ಇಲ್ಲಾ ಗಾಳಿ ಕಡಿಮಿ ಬರಾಕ ಹತ್ತೈತಿ ಅಷ್ಟ. ಏರ್ ಫಿಲ್ಟರ್, ಇಂಜೆಕ್ಟರ್, ಕಾರ್ಬುರೇಟರ್ ನೋಡಿಸ್ರಿ.

ಆಯಿಲ್ ಹಾಕೂ ಮುಚ್ಚಳ ತಗದು ಅದರ ಒಳಮೈ ನೋಡ್ರಿ. ಹಾಲ ಹಾಕಿದ ಚಾ ಬಣ್ಣದ ಕೆನಿ ಹತ್ತಿದ್ರ ಆಯಿಲಿನಾಗ ನೀರು ಕೂಡಿರಬಹುದು. ಇಂಜನ್ ಚಾಲೂ ಇಟ್ಟು ಅದ ಮುಚ್ಚಳ ಸಡ್ಲ ಮಾಡಿದಾಗ ಭಕ್ ಭಕ್ ಅಂತ ಹೊಗಿ ಒತ್ತಿ ಬಂದ್ರ, ಸೈಕಲ್ ಪಂಪಿನ ವಾಸರ್ ಸೋರಿದಂಗ ರಿಂಗ್ ದಾಟಿ ಒತ್ತಡ ಕೆಳಗ ಇಳ್ಯಾಕ ಹತ್ತೈತಿ ಅಂತ ಅರ್ಥ. ಇನ್ನ ಆಕ್ಸಿಲೇಟರ್ ಒತ್ತಿದಾಗ ಬುಡದಿಂದ ಕಟ್ ಕಟ್ ಅಂತ ಸುತ್ತಿಗಿ ಬಡದಂಗ ದಪ್ಪ ಸಪ್ಪಳ ಬಂದು, ಆಯಿಲ್ ದೀಪಾನೂ ಹತ್ತಿದ್ರ, ಅದು ಬೇರಿಂಗ್ ಇರಬಹುದು. ಆವಾಗ 'ಮನಿ ತನಕ ಹೋಗೂಣು' ಅನ್ನಬ್ಯಾಡ್ರಿ. ಬೇರಿಂಗ್ ಪಟ್ಟಿ ಬದಲಿ ಮಾಡೂ ಖರ್ಚಿನಾಗ ಮುಗಿಯೂದು, ಹತ್ತ ಕಿಲೋಮೀಟರ್ ಹೊಡದ್ರ ಕ್ರ್ಯಾಂಕ್ ತಿಂದು, ರಾಡ್ ಹೊರಗ ಹಾಕಿ, ಮೂರನೇ ಥರಕ್ಕ ಹೋಗಿ ನಿಲ್ತೈತಿ.

ಬಿಚ್ಚೂಕಿಂತ ಮದ್ಲ ಕಂಪ್ರೆಶನ್ ಅಳಸ್ರಿ

ನನ್ನ ಕೇಳಿದ್ರ ಇಡೀ ವಿಷಯದಾಗ ಭಾಳ ಕಿಮ್ಮತ್ತಿನ ಕೆಲಸ ಇದು, ಖರ್ಚೂ ಭಾಳ ಕಡಿಮಿ, ಆದ್ರ ನಮ್ಮ ಕಡೆ ಕೇಳಿ ಮಾಡಸವ್ರು ಕಡಿಮಿ. ಸ್ಪಾರ್ಕ್ ಪ್ಲಗ್ ಬಿಚ್ಚಿ ಆ ತೂತಿಗೆ ಒಂದ ಗೇಜ್ ಹಚ್ಚಿ ಸೆಲ್ಫ್ ಹೊಡದ್ರ ಆ ಸಿಲಿಂಡರ್ ಎಷ್ಟ ಒತ್ತಡ ಮಾಡ್ತೈತಿ ಅನ್ನೂದು ಪಿಎಸ್‌ಐ ಲೆಕ್ಕದಾಗ ಬರ್ತೈತಿ, ಟೈರಿಗೆ ಗಾಳಿ ನೋಡ್ತಾರಲ್ಲ, ಅದ ಅಳತಿ. ಛಲೋ ಇದ್ದ ಪೆಟ್ರೋಲ್ ಕಾರಿನಾಗ ಸುಮಾರು 150ರಿಂದ 200 ಬರ್ತೈತಿ, ಡೀಸೆಲ್ಲಿನಾಗ 350ರ ಮ್ಯಾಲ. ಗಾಡಿ ಗಾಡಿಗೆ ಬ್ಯಾರೆ, ಕಂಪನಿ ಕೊಟ್ಟ ಅಂಕಿ ಜೋಡಿ ನೋಡ್ಬೇಕು. ಒಂದೊಂದ ಅಂಕಿಗಿಂತ ಎಲ್ಲಾ ಸಿಲಿಂಡರ್ ಹತ್ರ ಹತ್ರ ಒಂದ ಸಮ ಇರೂದು ಮುಖ್ಯ, ಹತ್ತ ಹದಿನೈದ ಪರ್ಸೆಂಟಿಗಿಂತ ಹೆಚ್ಚ ಫರಕ್ ಬಂದ್ರ ಏನೋ ಐತಿ ಅಂತ ತಿಳೀಬೇಕು.

ಕಡಿಮಿ ಬಂದ ಸಿಲಿಂಡರಿಗೆ ಒಂದ ಚಮಚಾ ಇಂಜನ್ ಆಯಿಲ್ ಹಾಕಿ ಇನ್ನೊಮ್ಮೆ ಅಳೀತಾರ. ಆಯಿಲ್ ಹೋಗಿ ರಿಂಗಿನ ಸಂದಿ ತುಂಬ್ತೈತಿ, ಒಣಗಿದ ಪಂಪಿನ ವಾಸರಿಗೆ ಎಣ್ಣಿ ಸವರಿದ್ರ ಒಂದೆರಡ ದಿನ ಗಾಳಿ ಹಿಡಿತೈತಲ್ಲ, ಹಂಗ. ಅಂಕಿ ಏರಿದ್ರ ತಪ್ಪು ರಿಂಗ್-ಬೋರಿಂದು. ಏರಲಿಲ್ಲ ಅಂದ್ರ ಮ್ಯಾಲಿಂದು, ವಾಲ್ವ್ ಇಲ್ಲಾ ಗ್ಯಾಸ್ಕೆಟ್.

ಕಾಕಾನ ಓಮ್ನಿಗೆ ಎರಡನೇ ಮಿಸ್ತ್ರಿ ಇದನ್ನ ಮಾಡಿದ. ಒಂದನೇ ಸಿಲಿಂಡರ್ 165, ಎರಡನೇದು 95, ಮೂರನೇದು 90. ಆಯಿಲ್ ಹಾಕಿದ್ರೂ ಅಷ್ಟಕ್ಕಷ್ಟ. ಬಾಜೂಬಾಜೂದ ಎರಡೂ ಒಟ್ಟಿಗೆ ಬಿದ್ದಾವ ಅಂದ್ರ ಅವೆರಡರ ನಡುವಿನ ಗ್ಯಾಸ್ಕೆಟ್ ಸುಟ್ಟು, ಇದರ ಒತ್ತಡ ಅದಕ್ಕ, ಅದರದ್ದು ಇದಕ್ಕ ಹೋಗಾಕ ಹತ್ತಿರಬೇಕು. ಬದಲಿ ಇಂಜನ್ ಕೂಡಸ್ರಿ ಅಂದ ಮದ್ಲಿನಾಂವ ಗೇಜ್ ಮುಟ್ಟೇ ಇರ್ಲಿಲ್ಲ.

ಅಂದಂಗ, ಪಿಕಪ್ ಇಲ್ಲ ಅಂದ್ರ ಇಂಜನ್ನ ಹೋಗೇತಿ ಅಂತ ಅಲ್ಲ. ಕ್ಲಚ್ ಪ್ಲೇಟ್ ಸವದ್ರೂ ಇಂಜನ್ ಒದರ್ತೈತಿ, ಗಾಡಿ ಓಡೂದಿಲ್ಲ. ಬಿಸಿ ನೋಡಿ ಕೂಲಂಟ್ ಬಿಡೂ ಥರ್ಮೋಸ್ಟಾಟ್ ಹಿಡಕೊಂಡ್ರೂ ಬಿಸಿ ಏರ್ತೈತಿ. ಈಗ ಪಂಪಿನಾಗ ಬರೂ 20 ಪರ್ಸೆಂಟ್ ಎಥನಾಲ್ ಪೆಟ್ರೋಲಿನ ಬಗ್ಗೆನೂ ಮಂದಿ ಭಾಳ ಕೇಳ್ತಾರ. ಅದಕ್ಕಂತ ಮಾಡಿರದ ಹಳೇ ಗಾಡ್ಯಾಗ ಮದ್ಲ ನೋಡಬೇಕಾಗಿದ್ದು ರಬ್ಬರ್ ಪೈಪು, ಗ್ಯಾಸ್ಕೆಟ್, ಕಾರ್ಬುರೇಟರಿನ ಒಳಗಿನ ಸೀಲು. ಎಥನಾಲಿನಾಗ ಶಕ್ತಿ ಪೆಟ್ರೋಲಿಗಿಂತ ಕಡಿಮಿ, ಅದಕ್ಕ ಮೈಲೇಜೂ ಜರಾ ಇಳೀತೈತಿ. ಈ ಯಾವುದಕ್ಕೂ ಇಂಜನ್ ಬದಲಿ ಬ್ಯಾಡ.

ಹೆಡ್ ಕೆಲಸ, ಹಾಫ್ ಇಂಜನ್, ಫುಲ್ ಇಂಜನ್

ಹೆಡ್ ಕೆಲಸ ಅಂದ್ರ ಬರೇ ಮುಚ್ಚಳ ಇಳಿಸಿ, ಲೇತಿನಾಗ ಫೇಸಿಂಗ್ ಮಾಡಿಸಿ, ಅಂದ್ರ ಡೊಂಕ ಆದ ಮೈನ ಕೆರದು ಸಪಾಟ ಮಾಡಿಸಿ, ವಾಲ್ವ್ ಕೂಡೂ ಜಾಗಾ ತಿಕ್ಕಿಸಿ, ಹೊಸ ಗ್ಯಾಸ್ಕೆಟ್ ಹಾಕೂದು. ಇಂಜನ್ ಗಾಡಿಯಿಂದ ಇಳಿಸೂ ಜರೂರತ್ತ ಭಾಳ ಸಲ ಇರೂದಿಲ್ಲ.

ಹಾಫ್ ಇಂಜನ್ ಅಂದ್ರ ಹೆಡ್ಡಿನ ಜೋಡಿ ಪಿಸ್ಟನ್, ರಿಂಗ್, ಬೋರಿನ ಕೆಲಸಾನೂ, ಆದ್ರ ಕ್ರ್ಯಾಂಕ್ ಬಿಚ್ಚೂದಿಲ್ಲ. ಫುಲ್ ಇಂಜನ್ ಅಂದ್ರ ಕ್ರ್ಯಾಂಕ್ ಸಹಿತ ಎಲ್ಲಾ ಬಿಚ್ಚಿ, ಬೇರಿಂಗ್, ಆಯಿಲ್ ಪಂಪ್, ಸೀಲ್ ಎಲ್ಲಾ ನೋಡಿ ಕಟ್ಟೂದು. ಈ ಎರಡು ಶಬ್ದಕ್ಕ ಒಬ್ಬೊಬ್ಬ ಮಿಸ್ತ್ರಿ ಒಂದೊಂದ ಅರ್ಥ ಹಚ್ತಾನ, ಅದಕ್ಕ ಒಪ್ಪೂಕಿಂತ ಮದ್ಲ 'ಹಾಫ್ ಅಂದ್ರ ಏನೇನ್ ಬರ್ತೈತ್ರಿ ಅಣ್ಣಾ' ಅಂತ ಕೇಳಿ ಒಂದ ಹಾಳಿ ಮ್ಯಾಲ ಬರಸ್ಕೋರಿ.

ಬೋರ್ ಕೆಲಸ ಅಂದ್ರ ಏನು? ಬಾವಿ ಗ್ವಾಡಿ ಒಳಗ ಕುಸದು ಅಂಕಡೊಂಕ ಆತಂದ್ರ ಸುತ್ತಲೂ ಸ್ವಲ್ಪ ಕೆತ್ತಿ ಮತ್ತ ದುಂಡಗ ಮಾಡಿ, ಆ ಹೊಸ ಅಳತಿಗೆ ಸಿಮೆಂಟ್ ರಿಂಗ್ ಇಳಸ್ತಾರಲ್ಲ, ಇದೂ ಹಂಗ. ಸವದ ಬೋರನ್ನ 0.25 ಮಿಲಿಮೀಟರ್ ಇಲ್ಲಾ 0.50 ಮಿಲಿಮೀಟರ್ ದೊಡ್ಡದ ಕೊರದು, ಅಷ್ಟ ದೊಡ್ಡ ಪಿಸ್ಟನ್ ಹಾಕ್ತಾರ, ಓವರ್ ಸೈಜ್ ಅಂತಾರ ಅದಕ್ಕ. ಹಿಂಗ ಎಷ್ಟ ಸಲ ಬೇಕಾದ್ರೂ ಕೊರಿಯಾಕ ಬರೂದಿಲ್ಲ, ಗ್ವಾಡಿ ತೆಳ್ಳಗ ಆಕ್ಕೋಂತ ಹೋಗ್ತೈತಿ, ಬೈಕಿನಾಗ ಭಾಳ ಅಂದ್ರ 1 ಮಿಲಿಮೀಟರ್ ತನಕ. ಅದೂ ಮುಗದಿದ್ರ ಹೊಸ ಸ್ಲೀವ್, ಅಂದ್ರ ಬೋರಿನೊಳಗ ಕೂಡೂ ಹೊಸ ಕೊಳವಿ, ಹಾಕಿಸಿ ಮತ್ತ ಮೂಲ ಅಳತಿಗೆ ತರೂ ದಾರಿನೂ ಐತಿ. ಹಂಗಾಗಿ ನಿಮ್ಮ ಗಾಡಿ ಹಿಂದ ಎಂದರ ಬೋರ್ ಆಗೇತೇನು, ಯಾವ ಸೈಜ್ ಪಿಸ್ಟನ್ ಐತಿ ಅನ್ನೂದು ದೊಡ್ಡ ಪ್ರಶ್ನೆ. ಬರೇ ಸವದ ಬೋರಿಗೆ ಹೊಸ ರಿಂಗ್ ಹಾಕಿ ಕಡಿಮಿ ರೊಕ್ಕದಾಗ ಮುಗಸ್ತೀನಿ ಅನ್ನವ್ರು ಇರ್ತಾರ. ಮೊಟ್ಟಿ ಆಕಾರದ ತೂತಿನಾಗ ದುಂಡನ ರಿಂಗ್ ಕೂಡೂದ ಹೆಂಗ, ನೀವ ಹೇಳ್ರಿ.

ಸ್ಪ್ಲೆಂಡರ್, ಟಿವಿಎಸ್ ಎಕ್ಸೆಲ್ ಅಂಥಾವಕ್ಕ ಈ ಚರ್ಚೆನ ಬ್ಯಾಡ. ಸಾಮಾನು ಎಲ್ಲಾ ಊರಾಗ ಸಿಗ್ತಾವ, ಲೇತೂ ಐತಿ, ಕಟ್ಟವ್ರೂ ಇದ್ದಾರ, ಕಟ್ಟಿಸಿ ಓಡಸ್ರಿ.

ಗುಜರಿ ಇಂಜನ್ ತರೂದಾದ್ರ

ಬದಲಿ ಇಂಜನ್ ಅಂತ ಮಿಸ್ತ್ರಿ ಅಂದ್ರ ನೂರಕ್ಕ ತೊಂಬತ್ತ ಸಲ ಅದು ಎಲ್ಲೋ ಅಪಘಾತ ಆದ ಇಲ್ಲಾ ಗುಜರಿಗೆ ಹೋದ ಗಾಡ್ಯಾಗಿಂದ ಬಿಚ್ಚಿದ್ದು. ಲೇತಿಗೆ ಕಾಯೂದಿಲ್ಲ, ಎರಡ ಮೂರ ದಿನದಾಗ ಗಾಡಿ ರಸ್ತೆಕ್ಕ ಬರ್ತೈತಿ, ಅದ ಅದರ ದೊಡ್ಡ ಗುಣ. ಬ್ಯಾಡಗಿ ಮೆಣಸಿನಕಾಯಿ ಸೀಜನ್ನಿನಾಗ ದಿನಾ ಬಾಡಿಗಿ ಹೊಡಿಯೂ ಟಾಟಾ ಏಸ್ ಇದ್ದಾಂವಗ ಹದಿನೈದ ದಿನ ಗಾಡಿ ನಿಂತ್ರ ಆಗೂ ಲುಕ್ಸಾನ ರಿಪೇರಿ ಬಿಲ್ಲಿಗಿಂತ ದೊಡ್ಡದ ಆಗಬಹುದು, ಅಂವಗ ಇದು ಲೆಕ್ಕಕ್ಕ ಬರ್ತೈತಿ. ಹಾವೇರಿ ಕಡೆಯ ನಮ್ಮ ಗೆಳೆಯೊಬ್ಬಂದು ಹಂಗ ಆತು, ಏಸಿನ ಎರಡ ಸಿಲಿಂಡರ್ ಇಂಜನ್ನಿನಾಗ ಆಯಿಲ್ ಇಲ್ದ ಓಡಿ ರಾಡ್ ಬ್ಲಾಕ್ ಒಡದು ಹೊರಗ ಬಂತು, ಕಟ್ಟಾಕ ಏನೂ ಉಳಿದಿರ್ಲಿಲ್ಲ, ಬದಲಿ ತಂದ.

ಆದ್ರ ನೀವು ನಿಮ್ಮ ಗೊತ್ತಿದ್ದ ರೋಗ ಕೊಟ್ಟು ಗೊತ್ತಿಲ್ಲದ ರೋಗ ತಗೋಳಾಕ ಹತ್ತಿರಬಹುದು. ಕೂಡಸೂಕಿಂತ ಮದ್ಲ ಅದರ ಕಂಪ್ರೆಶನ್ ಅಳಸ್ರಿ, ಆಯಿಲ್ ಚೇಂಬರ್ ಬಿಚ್ಚಿ ಲೋಹದ ಪುಡಿ ಕೂತೈತೇನು ನೋಡಸ್ರಿ, ಎಷ್ಟ ದಿನ ವಾರಂಟಿ, ಕೆಟ್ರ ಬಿಚ್ಚಿ ಕೂಡಿಸೂ ಮಜೂರಿ ಯಾರ ಕೊಡ್ತಾರ ಅನ್ನೂದನ್ನ ಬಿಲ್ಲಿನ ಮ್ಯಾಲ ಬರಸ್ರಿ. ಬಿಲ್ ಇಲ್ದ ಇಂಜನ್ ಎಷ್ಟ ಸೋವಿ ಇದ್ರೂ ಮುಟ್ಟಬ್ಯಾಡ್ರಿ, ಕಳುವಿನ ಗಾಡಿದ್ದಾದ್ರ ನಂಬರ್ ಹಿಡಕೊಂಡು ಪೊಲೀಸ್ರು ಬರೂದು ನಿಮ್ಮ ಮನಿಗೆ.

ಆರ್‌ಟಿಒ ಕಾಗದ

ಕಾರಿನ ಇಂಜನ್ ನಂಬರ್ ಇರೂದು ಬ್ಲಾಕಿನ ಮ್ಯಾಲ. ಅದ ನಂಬರ್ ನಿಮ್ಮ ಆರ್‌ಸಿ ಬುಕ್ಕಿನಾಗ, ಇನ್ಶೂರೆನ್ಸ್ ಕಾಗದದಾಗ ಇರ್ತೈತಿ. ಹೆಡ್ ಬದಲಿ, ಪಿಸ್ಟನ್ ಬದಲಿ, ಕ್ರ್ಯಾಂಕ್ ಬದಲಿ, ಏನ ಮಾಡಿದ್ರೂ ನಂಬರ್ ಅದ ಇರ್ತೈತಿ, ಆರ್‌ಟಿಒ ಕೆಲಸ ಇಲ್ಲ. ಬ್ಲಾಕ್ ಅಥವಾ ಇಡೀ ಇಂಜನ್ ಬದಲಿ ಆತಂದ್ರ ನಂಬರ್ ಬದಲಿ ಆತು. 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಇದನ್ನ ರಿಜಿಸ್ಟರ್ ಮಾಡೂ ಆಫೀಸಿಗೆ ತಿಳಿಸಿ ಆರ್‌ಸಿ ತಿದ್ದಸ್ಬೇಕು, ಒಪ್ಪಿಗಿ ಮದ್ಲ ತಗೊಂಡಿರಲಿಲ್ಲ ಅಂದ್ರ ಬದಲಿ ಮಾಡಿದ ಹದಿನಾಲ್ಕ ದಿನದೊಳಗ. ಕೆಎ-25 ಧಾರವಾಡ ಆಗ್ಲಿ, 63 ಹುಬ್ಬಳ್ಳಿ, 26 ಗದಗ, 27 ಹಾವೇರಿ ಆಗ್ಲಿ, ಗಾಡಿ ಎಲ್ಲಿ ರಿಜಿಸ್ಟರ್ ಐತೋ ಅಲ್ಲಿ ಮದ್ಲ ಹೋಗಿ ಕೇಳ್ಕೊಂಡು ಆಮ್ಯಾಲ ಇಂಜನ್ ಕೂಡಸೂದು ಛಲೋ. ತಿದ್ದಸ್ಲಿಲ್ಲಂದ್ರ ಮುಂದ ಗಾಡಿ ಮಾರೂವಾಗ, ರಿನೀವಲ್ಲಿಗೆ ಹೋದಾಗ, ಅಪಘಾತದ ಕ್ಲೇಮಿನಾಗ ಸಿಕ್ಕೊಂಡ ಬೀಳ್ತೀರಿ. ಗಾಡಿ ಮ್ಯಾಲ ಸಾಲ ಇದ್ರ ಬ್ಯಾಂಕಿನವ್ರ ಒಪ್ಪಿಗಿನೂ ಬೇಕು.

ಇನ್ಶೂರೆನ್ಸಿನವ್ರು ಕೊಡ್ತಾರೇನು ಅಂತ ಕಾಕಾ ಕೇಳಿದ. ಇಲ್ಲ, ಸವದು ಕೆಟ್ಟದ್ದಕ್ಕ, ಬಿಸಿ ಆಗಿ ಕೆಟ್ಟದ್ದಕ್ಕ ಸಾಮಾನ್ಯ ಪಾಲಿಸಿ ಕೊಡೂದಿಲ್ಲ. ಮಳಿ ನೀರಾಗ ಗಾಡಿ ಹೊಕ್ಕು ಇಂಜನ್ನಿಗೆ ನೀರ ಹೋದದ್ದಕ್ಕೂ ಇಂಜನ್ ಪ್ರೊಟೆಕ್ಟ್ ಅಂತ ಬ್ಯಾರೆ ರೊಕ್ಕ ಕಟ್ಟಿರಬೇಕು.

ಅಳಿಯನ ಹದಿನೈದ ವರ್ಷದ ಮಾತಿಗೆ ಬರೂಣು. ಹತ್ತ ವರ್ಷದ ಡೀಸೆಲ್, ಹದಿನೈದ ವರ್ಷದ ಪೆಟ್ರೋಲ್ ಗಾಡಿಗೆ ತಡಿ ಹಾಕಿದ್ದು ದಿಲ್ಲಿ ಮತ್ತ ಅದರ ಸುತ್ತಲಿನ ಪ್ರದೇಶಕ್ಕ. 2023ರ ಏಪ್ರಿಲ್ 1ರಿಂದ ದೇಶದ ತುಂಬ ಹದಿನೈದ ವರ್ಷ ದಾಟಿದ್ದಕ್ಕ ಬಂದ ಮಾಡಿದ್ದು ಸರ್ಕಾರಿ ಗಾಡಿಗಳನ್ನ. ನಮ್ಮ ಕಡೆ ಖಾಸಗಿ ಗಾಡಿ ಹದಿನೈದ ವರ್ಷ ಆದ ಮ್ಯಾಲ ತಪಾಸಣಿ ಮಾಡಿಸಿ, ಫೀ ಮತ್ತ ಗ್ರೀನ್ ಟ್ಯಾಕ್ಸ್ ಕಟ್ಟಿ ಐದೈದ ವರ್ಷಕ್ಕ ರಿನೀವಲ್ ಮಾಡಸ್ಕೊಂಡು ಓಡಸಬಹುದು. ಆ ಫೀ ಸಣ್ಣದಲ್ಲ, 2022ರ ಏಪ್ರಿಲ್ಲಿನಿಂದ ಕಾರಿಗೆ 600 ಇದ್ದದ್ದು 5,000 ಆತು, ಬೈಕಿಗೆ 300 ಇದ್ದದ್ದು 1,000 ಆತು, ಇಪ್ಪತ್ತ ವರ್ಷ ದಾಟಿದ ಗಾಡಿಗೆ 2025ರ ಆಗಸ್ಟಿನಾಗ ಇನ್ನೂ ಏರಿಸ್ಯಾರ. ಹಂಗಾಗಿ ಇಂಜನ್ನಿಗೆ ರೊಕ್ಕ ಹಾಕೂಕಿಂತ ಮದ್ಲ ಆರ್‌ಸಿ ಎಂದಿನ ತನಕ ಐತಿ ನೋಡ್ಕೋರಿ. ಕಾಕಾ 2024ರಾಗ ರಿನೀವಲ್ ಮಾಡಿಸಿದ್ದ, 2029ರ ತನಕ ಚಿಂತಿ ಇರ್ಲಿಲ್ಲ.

ರೊಕ್ಕದ ಲೆಕ್ಕ, ಮಂದಿ ತಪ್ಪೂದು ಇಲ್ಲೇ

ಎಲ್ಲಾರೂ ಮಾಡೂ ಲೆಕ್ಕ ಹಿಂಗ: 'ಗಾಡಿ ಮಾರಿದ್ರ 60 ಸಾವಿರ ಬಂದ್ರ ಹೆಚ್ಚು, ಅದಕ್ಕ 40 ಸಾವಿರ ರಿಪೇರಿ ಯಾಕ?' ಕೇಳಾಕ ಸರಿ ಅನಸ್ತೈತಿ. ಆದ್ರ ಆ 60 ಸಾವಿರ ಚಾಲೂ ಇದ್ದ ಗಾಡಿದು. ಇಂಜನ್ ಕೆಟ್ಟು ನಿಂತ ಗಾಡಿ ಮಾರಾಕ ಹೋದ್ರ 20 ಸಾವಿರಕ್ಕ ಕೇಳ್ತಾರ. ಅಂದ್ರ 40 ಸಾವಿರ ಹಾಕಿದಾಗ ಗಾಡಿ ಕಿಮ್ಮತ್ತೂ 40 ಸಾವಿರ ಏರಿತಲ್ಲ. ಅಂಕಿ ತಿಳುವಳಿಕಿಗೆ ಹಾಕೇನಿ, ನಿಮ್ಮ ಊರಿನ ರೇಟ್ ಹಾಕ್ಕೊಂಡ್ ನೋಡ್ರಿ.

ಹೋಲಿಸಬೇಕಾಗಿದ್ದು ಇನ್ನೊಂದ ಐತಿ. ರಿಪೇರಿ ಮಾಡಸ್ಲಿಲ್ಲಂದ್ರ ಏನ್ ಮಾಡ್ತೀರಿ? ಹೊಸಾದಕ್ಕ 5 ಲಕ್ಷ ಸಾಲ ಮಾಡಿ ಏಳ ವರ್ಷಕ್ಕ ಕಟ್ಟೂದಾದ್ರ, 9 ಪರ್ಸೆಂಟ್ ಬಡ್ಡಿಗೆ ತಿಂಗಳಿಗೆ 8,000 ಚಿಲ್ರೆ ಕಂತು ಬರ್ತೈತಿ, ಮ್ಯಾಲ ಇನ್ಶೂರೆನ್ಸ್ ಬ್ಯಾರೆ. 40 ಸಾವಿರದ ರಿಪೇರಿ ಮೂರ ವರ್ಷ ಬಂದ್ರ ತಿಂಗಳಿಗೆ 1,100 ಆಸುಪಾಸು ಬೀಳ್ತೈತಿ. ಐದ ತಿಂಗಳ ಕಂತಿನ ರೊಕ್ಕದಾಗ ರಿಪೇರಿ ಮುಗೀತು ಅನ್ನಬಹುದು. ಆದ್ರ ಆ 'ಮೂರ ವರ್ಷ ಬಂದ್ರ' ಅನ್ನೂ ಮಾತಿನಾಗ ಎಲ್ಲಾ ಐತಿ, ಬರೇ ಇಂಜನ್ ಮೂರ ವರ್ಷ ಬಂದ್ರ ಸಾಲೂದಿಲ್ಲ, ಉಳಿದ ಗಾಡಿನೂ ಬರಬೇಕು.

ಹಳೇ ಮಾಳಿಗಿ ಮನಿಗೆ ಹೊಸಾ ತೊಲಿ ಹಾಕಸೂಮುಂದ ಗ್ವಾಡಿ ಗಟ್ಟಿ ಐತೇನು ಅಂತ ಬಡದ ನೋಡ್ತೀವಿಲ್ಲೋ? ಗಾಡಿನ ರ‍್ಯಾಂಪ್ ಮ್ಯಾಲ ಏರಿಸಿ ಬುಡ ನೋಡ್ರಿ. ಬಾಗಲ ಕೆಳಗಿನ ಪಟ್ಟಿ, ಸಸ್ಪೆನ್ಶನ್ ಕೂಡೂ ಜಾಗಾ, ಚಾಸಿ ಅಂದ್ರ ಬುಡದ ಚೌಕಟ್ಟು ತುಕ್ಕ ಹಿಡದು ಸ್ಕ್ರೂಡ್ರೈವರ್ ಚುಚ್ಚಿದ್ರ ಒಳಗ ಹೋಗ್ತೈತಿ ಅಂದ್ರ, ನನ್ನ ಅಭಿಪ್ರಾಯ ಕೇಳಿದ್ರ, ಆ ಗಾಡಿಗೆ ಇಂಜನ್ ಹಾಕಿಸಬ್ಯಾಡ್ರಿ, ಇಂಜನ್ನಿಗೆ ರಿಪೇರಿ ಐತಿ, ಕೊಳತ ಚಾಸಿಗೆ ಇಲ್ಲ. ಗೇರ್‌ಬಾಕ್ಸ್ ಸಪ್ಪಳ, ಸ್ಟೀರಿಂಗ್, ವೈರಿಂಗ್, ಟೈರು, ಮುಂದಿನ ಎರಡ ವರ್ಷದಾಗ ಬರೂ ಖರ್ಚ ಎಲ್ಲಾ ಕೂಡಸ್ರಿ. ಸ್ಪೇರ್ ಸಿಗ್ತಾವೇನು ಅನ್ನೂದೂ ನೋಡಬೇಕು, ದೇಶ ಬಿಟ್ಟ ಹೋದ ಕಂಪನಿಗೋಳ ಗಾಡಿ ಇದ್ದವ್ರಿಗೆ ಆ ಕಷ್ಟ ಗೊತ್ತೈತಿ.

ಬಿಡೂದ ಖರೆ ಆದ್ರ ಸುಮ್ನ ಗುಜರಿಯವಗ ಕೊಟ್ಟು ಕೈ ತೊಳಕೋಬ್ಯಾಡ್ರಿ. ಸರ್ಕಾರದ ರಿಜಿಸ್ಟರ್ ಆದ ಸ್ಕ್ರ್ಯಾಪ್ ಕೇಂದ್ರದಾಗ ಕೊಟ್ರ ಡಿಪಾಸಿಟ್ ಸರ್ಟಿಫಿಕೇಟ್ ಕೊಡ್ತಾರ, ಆರ್‌ಸಿ ರದ್ದ ಮಾಡಸೂದಕ್ಕೂ, ಹೊಸ ಗಾಡಿ ತೆರಿಗ್ಯಾಗ ರಿಯಾಯಿತಿ ಕೇಳೂದಕ್ಕೂ ಅದು ಬೇಕಾಗ್ತೈತಿ.

ಮದ್ಲಿನ ಇಂಜನ್ನಿಗೆ ಏನಾಗಿತ್ತು?

ಹೊಸಾ ಇಂಜನ್ ಕೂಡ್ಸಿ ಆರ ತಿಂಗಳದಾಗ ಮತ್ತ ಗ್ಯಾರೇಜಿಗೆ ಬಂದವ್ರನ್ನ ನಾ ನೋಡೇನಿ. ಕಾರಣ ಹಳೇದ ಇರ್ತೈತಿ, ಯಾರೂ ಅದನ್ನ ಸರಿ ಮಾಡಿರೂದಿಲ್ಲ. ನಮ್ಮ ಕಡೆ ಎರಡ ಕಾರಣ ಪದೇ ಪದೇ ಕಾಣ್ತಾವ. ಒಂದು ಬೋರ್‌ವೆಲ್ ನೀರು. ಗಡಸು ನೀರನ್ನ ಇಂಜನ್ ತಂಪ ಮಾಡೂ ರೇಡಿಯೇಟರಿಗೆ ಹಾಕಿ ಹಾಕಿ, ನೀರು ಕಾಸೂ ಹಂಡೆದಾಗ ಬಿಳಿ ಉಪ್ಪು ಕಟ್ತೈತಲ್ಲ, ಅದ ಪದರು ರೇಡಿಯೇಟರಿನ ಸಣ್ಣ ಸಣ್ಣ ನಳಿಗ್ಯಾಗ ಕಟ್ಕೊಂಡು ನೀರು ಆಡೂದಿಲ್ಲ, ಊರಾಗ ನಡೀತೈತಿ, ಘಾಟಿನಾಗ ಬಿಸಿ ಏರ್ತೈತಿ. ಇನ್ನೊಂದು ಎರಿ ಹೊಲದ ದಾರಿ ಧೂಳಿ. ಏರ್ ಫಿಲ್ಟರ್ ಹರದು ಇಲ್ಲಾ ಸರಿಯಾಗಿ ಕೂಡದ ಸಂದಿ ಇದ್ರ ಆ ಧೂಳಿ ಸೀದಾ ಬೋರಿಗೆ ಹೋಗಿ ಉಸುಕಿನ ಕಾಗದದಿಂದ ತಿಕ್ಕಿದಂಗ ರಿಂಗ್ ತಿಂದ ಹಾಕ್ತೈತಿ. ನವಲಗುಂದ, ಅಣ್ಣಿಗೇರಿ, ರೋಣ ಕಡೆ ಓಡೂ ಗಾಡಿಯವ್ರು ಕಂಪನಿ ಹೇಳಿದ ಕಿಲೋಮೀಟರ್ ತನಕ ಕಾಯದ ಫಿಲ್ಟರ್ ನೋಡಬೇಕು.

ಕಟ್ಟಿಸಿದ ಮ್ಯಾಲ ಮದ್ಲಿನ 1,000 ಕಿಲೋಮೀಟರ್ ಹಗುರಕ ಓಡಸ್ರಿ, ಹೊಸ ರಿಂಗ್ ಬೋರಿಗೆ ಹೊಂದಾಕ ಟೈಮ್ ಬೇಕು, ಹೊಸ ಚಪ್ಪಲಿ ಕಾಲಿಗೆ ಕೂಡಬೇಕಲ್ಲ. ತಿಕ್ಕಾಟದಾಗ ಉದರಿದ ಲೋಹದ ಪುಡಿ ಆಯಿಲಿನಾಗ ಇರ್ತೈತಿ, ಅದಕ್ಕ ಮದ್ಲಿನ ಆಯಿಲ್ 500ರಿಂದ 1,000 ಕಿಲೋಮೀಟರಿನೊಳಗ ಬದಲಿ.

ಕಾಕಾನ ಓಮ್ನಿ ಹೆಡ್ ಇಳಿಸಿ ನೋಡಿದ್ರ ಎರಡು ಮತ್ತ ಮೂರನೇ ಸಿಲಿಂಡರಿನ ನಡುವ ಗ್ಯಾಸ್ಕೆಟ್ ಕರ್ರಗ ಸುಟ್ಟಿತ್ತು, ಹೆಡ್ ಬಾಗಿತ್ತು, ಬೋರ್ ಅಳಿಸಿದ್ರ ಅಳತಿಯೊಳಗನ ಇತ್ತು. ಬಾಗಲ ಕೆಳಗಿನ ಪಟ್ಟಿಗೆ ಒಂದ ಕಡೆ ತುಕ್ಕ ಐತಿ, ಚಾಸಿ ಗಟ್ಟಿ ಐತಿ. ಹೆಡ್ ಫೇಸಿಂಗ್ ಆತು, ರೇಡಿಯೇಟರ್ ಬದಲಿ ಆತು, ಐದನೇ ದಿನ ಗಾಡಿ ಅಣ್ಣಿಗೇರಿಗೆ ಹೋತು. ಈಗ ಹಿಂದಿನ ಸೀಟಿನ ಕೆಳಗ ಕೂಲಂಟ್ ಕ್ಯಾನ್ ಇಟ್ಕೊಂಡಾನ, ಯಾರರ ನೀರಿನ ಬಾಟ್ಲಿ ಹಿಡಕೊಂಡು ರೇಡಿಯೇಟರ್ ಕಡೆ ಹೋದ್ರ 'ಏ ತಮ್ಮಾ, ಅದನ್ನ ನೀ ಕುಡಿ' ಅಂತಾನ.